ಹಡಗು ಹತ್ತುವವರ ವಿಮೆ: ಬಳಸುವ ವಿಧಾನ

ಮೊದಲಿಗೆ ಒಂದು ವಿನಂತಿ. ಮಿಕ್ಸಿಯ ಜೊತೆ ಬಂದ ಪುಸ್ತಕವನ್ನು ಗ್ಯಾರಂಟಿ ಕಾರ್ಡಿನೊಂದಿಗೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕಪಾಟಿನಲ್ಲಿ ಧಾರೆ ಸೀರೆಯ ಅಡಿಗೆ ಇಟ್ಟು, ಮಿಕ್ಸಿ ಸುಟ್ಟ ದಿನ ಮನೆಯಿಡೀ ಹುಡುಕುತ್ತೀರಲ್ಲ, ಈ ಕೈಪಿಡಿಗೆ ಆ ಗತಿ ಕಾಣಿಸಬೇಡಿ. ಇದು ಸುಡುವ ಮುನ್ನ ಓದಬೇಕಾದದ್ದು. ಕೋಟೇಶ್ವರ, ಬೀಜಾಡಿ, ಗೋಪಾಡಿ, ಕುಂಭಾಶಿ, ಕುಂದಾಪುರ ಪೇಟೆ, ಇಷ್ಟರೊಳಗೆ ಮನೆಯಿದ್ದು, ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು, ಅವರು ಒಂದು ದಿನ ಫೋನು ಮಾಡಿ ‘ಅಪ್ಪಯ್ಯ, ನಿಮಗೂ ಅಮ್ಮನಿಗೂ ಕ್ರೂಸ್ ಬುಕ್ ಮಾಡಿದ್ದೆ’ ಎಂದು ಹೇಳುವ ಸಂಭವವಿರುವ ದಂಪತಿಗಳಿಗಾಗಿ ಇದನ್ನು ತಯಾರಿಸಲಾಗಿದೆ. ಬೇರೆ ಊರಿನವರೂ ಬಳಸಬಹುದು, ಆದರೆ ಹಾಗೆ ಬಳಸಿ ಆದ ನಷ್ಟಕ್ಕೆ ಉತ್ಪಾದಕರು ಹೊಣೆಯಲ್ಲ.

ಉತ್ಪಾದಕ ನಾನೇ. ಅರ್ಹತೆ ಎರಡು: ಒಂದು ಹಡಗು ನನ್ನ ಕಣ್ಣೆದುರೇ ತಪ್ಪಿಹೋಗಿದೆ; ಇನ್ನೊಂದು ಹಡಗಿನಲ್ಲಿ ಅಕ್ಕನ ಗಂಡನಿಗೆ ಸಲೈನ್ ಹಾಕಿಸಿದ್ದೇನೆ.

ಪೆಟ್ಟಿಗೆಯೊಳಗೆ ಇರುವ ಸಾಮಾನು

ಪ್ರಯಾಣ ವಿಮೆ ಎಂದರೆ ಒಂದೇ ಸಾಮಾನು ಎಂದುಕೊಂಡವರು ಬಹಳ. ಅದು ಮದುವೆ ಊಟದ ಎಲೆಯ ಹಾಗೆ, ಬಡಿಸಿದ್ದೆಲ್ಲ ಬೇರೆ ಬೇರೆ. ದಾರಿಯಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ಒಂದು. ನಡುಗಡಲಿನಿಂದ ದಡದ ಆಸ್ಪತ್ರೆಗೆ ಸಾಗಿಸುವ ಖರ್ಚು ಇನ್ನೊಂದು. ಹೊರಡುವ ಮೊದಲೇ ಪ್ರಯಾಣ ರದ್ದು ಮಾಡಬೇಕಾದರೆ ಕಟ್ಟಿದ ಹಣಕ್ಕೆ ಒಂದು, ಅರ್ಧದಲ್ಲಿ ಬಿಟ್ಟು ಬರಬೇಕಾದರೆ ಒಂದು, ಬಂದರಿಗೆ ತಲುಪುವುದು ತಡವಾಗಿ ಹಡಗು ತಪ್ಪಿದರೆ ಒಂದು. ಕೊನೆಗೆ ಸೂಟ್‌ಕೇಸು. ಸೂಟ್‌ಕೇಸಿನ ವಿಮೆ ಎಲೆಯ ತುದಿಯ ಉಪ್ಪಿನಕಾಯಿ ಇದ್ದಂತೆ, ಅದಕ್ಕಾಗಿ ಯಾರೂ ಊಟಕ್ಕೆ ಹೋಗುವುದಿಲ್ಲ. ಆದರೆ ಜಾಹೀರಾತಿನಲ್ಲಿ ಎಲ್ಲಕ್ಕಿಂತ ಮೊದಲು ಕಾಣುವುದು ಅದೇ.

ಟ್ರಾವೆಲ್ಸಿನವರು ‘ಇನ್ಶೂರೆನ್ಸ್ ಎಲ್ಲ ಸೇರಿಯೇ ರೇಟು’ ಎಂದರೆ, ‘ಎಲ್ಲ’ದಲ್ಲಿ ಏನೇನು ಎಂದು ಕೇಳಿ. ಹೆಚ್ಚಾಗಿ ಇರುವುದು ಮೊದಲನೆಯದು ಮಾತ್ರ. ಅನ್ನ ಬಡಿಸಿ ಊಟ ಆಯಿತು ಎಂದ ಹಾಗೆ.

ಎರಡನೆಯದನ್ನು ಅಲಕ್ಷ್ಯ ಮಾಡಬೇಡಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮೂಲ್ಕಿಯ ಹತ್ತಿರ ಕಡಲ ಬಂಡೆಗೆ ಸಿಕ್ಕಿಕೊಂಡ ಟಗ್ಗಿನಿಂದ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯ ಹೆಲಿಕಾಪ್ಟರು ಸೇರಿ ಬಚಾವು ಮಾಡಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅಲ್ಲಿ ಯಾರೂ ಬಿಲ್ಲು ಕೊಡಲಿಲ್ಲ. ಪರದೇಶದ ಕಡಲಿನಲ್ಲಿ ಎದೆನೋವು ಬಂದು ಖಾಸಗಿ ಹೆಲಿಕಾಪ್ಟರು ಬಂದರೆ ಕೊಡುತ್ತಾರೆ, ಅದೂ ಡಾಲರಿನಲ್ಲಿ. ಬೀಜಾಡಿಯ ಹತ್ತು ಸೆಂಟ್ಸ್ ಜಾಗದ ಕ್ರಯ ನೆನಪಾಗುವಂಥ ಬಿಲ್ಲು.

ಹಂತ 1: ಯಾವುದಕ್ಕೆ ಹೆದರಬೇಕು ಎಂದು ತೀರ್ಮಾನಿಸಿಕೊಳ್ಳಿ

ನಮ್ಮ ಮೊದಲ ಯಾನ ನಿಶ್ಚಯವಾದಾಗ ಅಕ್ಕ ಕೇಳಿದ ಮೊದಲ ಪ್ರಶ್ನೆ: ‘ಹಡ್ಗ್ ಮುಳ್ಗಿದ್ರೆ ಎಷ್ಟ್ ಸಿಕ್ಕತ್ತ್?’

ಕಡಲ ಕರೆಯಲ್ಲಿ ಹುಟ್ಟಿದವರ ಹೆದರಿಕೆ ಇದು, ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಾಲದ ಬಡ್ಡಿಯ ದರಪಟ್ಟಿಯೇ ಇದೆ: ನೂರು ಪಣಕ್ಕೆ ತಿಂಗಳಿಗೆ ಧರ್ಮದ ಬಡ್ಡಿ ಒಂದೂಕಾಲು ಪಣ, ವ್ಯಾಪಾರಿಗೆ ಐದು, ಕಾಡು ದಾಟಿ ಹೋಗುವವನಿಗೆ ಹತ್ತು, ಕಡಲಿಗೆ ಇಳಿಯುವವನಿಗೆ ಇಪ್ಪತ್ತು. ಹುಲಿಯ ಎರಡರಷ್ಟು ಕಡಲು ಎಂದು ಆತ ಲೆಕ್ಕ ಹಾಕಿದ್ದ. ನಮ್ಮ ಹಿರಿಯರು ಲೆಕ್ಕ ಹಾಕದೆಯೇ ಅದನ್ನು ನಂಬಿದ್ದರು. ನೂಲು ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲು ಹೊಯ್ದು ತೆಂಗಿನಕಾಯಿ ಬಿಡುತ್ತಾರೆ. ಆಷಾಢದ ಅಮಾವಾಸ್ಯೆಗೆ ಮರವಂತೆಯ ವರಾಹ ದೇವಸ್ಥಾನಕ್ಕೆ ಜನ ನೆರೆಯುತ್ತದೆ. ಹೊಸ ಬಸ್ಸಾಗಲಿ ಹಳೆ ಸ್ಕೂಟರಾಗಲಿ, ಆನೆಗುಡ್ಡೆಯ ವಿನಾಯಕನಿಗೆ ಒಂದು ಕಾಯಿ ಒಡೆಸದೆ ಹೆದ್ದಾರಿಯಲ್ಲಿ ಮುಂದೆ ಹೋಗುವುದಿಲ್ಲ. ಇದನ್ನೆಲ್ಲ ಬಿಡಿ ಎಂದು ಈ ಕೈಪಿಡಿ ಹೇಳುವುದಿಲ್ಲ. ಕಾಯಿಗೆ ಪ್ರೀಮಿಯಂ ಕಡಿಮೆ, ಷರತ್ತುಗಳಂತೂ ಇಲ್ಲವೇ ಇಲ್ಲ.

ಆದರೆ ವಿಹಾರದ ಹಡಗಿನ ವಿಮೆಯನ್ನು ಕಡಲಿಗೆ ಹೆದರಿ ಕೊಳ್ಳಬೇಡಿ. ಅಲ್ಲಿ ನಿಮ್ಮನ್ನು ಕೆಡವುವುದು ಕಡಲಲ್ಲ. ಬಚ್ಚಲಿನ ನುಣುಪು ನೆಲ, ನಾಲ್ಕನೇ ಸಲ ತಟ್ಟೆಗೆ ಹಾಕಿಕೊಂಡ ಸಿಹಿ, ಸೂಟ್‌ಕೇಸಿನಲ್ಲಿ ಇಟ್ಟು ಮರೆತ ಬಿಪಿ ಮಾತ್ರೆ, ತಡವಾದ ರೈಲು, ಊರಿನಲ್ಲಿ ಜಾರಿ ಬಿದ್ದ ಅತ್ತೆ. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನೊಳಗೆ 3,711 ಮಂದಿ ದಿಗ್ಬಂಧನದಲ್ಲಿ ಕೂತಿದ್ದರು, 712 ಮಂದಿಗೆ ಕೋವಿಡ್ ತಗುಲಿತು. ಭಾರತದವರೂ ನೂರಕ್ಕೆ ಮೇಲಿದ್ದರು, ಹೆಚ್ಚಿನವರು ಸಿಬ್ಬಂದಿ. ಅವರಲ್ಲಿ ನಮ್ಮ ಕಾರವಾರದ ಯುವಕನೂ ಒಬ್ಬ. ಆ ಹಡಗು ಮುಳುಗಲಿಲ್ಲ, ಬಿರುಗಾಳಿಗೆ ಸಿಗಲಿಲ್ಲ. ಕಟ್ಟೆಗೆ ಹಗ್ಗ ಹಾಕಿ ನಿಂತೇ ಇತ್ತು. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಬಂದ ವಿಹಾರದ ಹಡಗಿನಲ್ಲಿ 66 ಮಂದಿಗೆ ಸೋಂಕು ಕಂಡಾಗಲೂ ಸಮುದ್ರ ಶಾಂತವಾಗಿಯೇ ಇತ್ತು.

ಕಡಲಿಗೆ ಹೆದರಲು ನಿಜವಾದ ಹಕ್ಕಿರುವವರು ಬೇರೆ ಇದ್ದಾರೆ. ಇಲ್ಲಿ ಸ್ವಲ್ಪ ಹೊತ್ತು ನಗೆ ನಿಲ್ಲಿಸುತ್ತೇನೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಮರುವರ್ಷ ಮಾಲ್ವಣದ ಆಚೆ ಕಡಲ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು, ಆ ಏಳು ಮಂದಿ ಸಿಗಲಿಲ್ಲ. ಕಾಣೆಯಾದವರನ್ನು ಸತ್ತರೆಂದು ಊಹಿಸಲು ನಮ್ಮ ಕಾನೂನು ಸಾಮಾನ್ಯವಾಗಿ ಏಳು ವರ್ಷ ಕಾಯುತ್ತದೆ. ವಿಮೆಯ ಕಾಗದಕ್ಕೆ ಬೇಕಾದದ್ದು ಮರಣದ ಪ್ರಮಾಣಪತ್ರ, ಮನೆಯಲ್ಲಿ ಇರುವುದು ಖಾಲಿ ಚಾವಡಿ. ಮೀನುಗಾರರಿಗೆ ಮತ್ಸ್ಯಸಂಪದ ಯೋಜನೆಯಡಿ ಗುಂಪು ಅಪಘಾತ ವಿಮೆ ಇದೆ: ಸಾವಿಗೆ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಆದರೆ ಎರಡೂವರೆ ಲಕ್ಷ, ಆಸ್ಪತ್ರೆಗೆ 25 ಸಾವಿರ. ಪ್ರೀಮಿಯಂ ಸರಕಾರವೇ ಕಟ್ಟುತ್ತದೆ, ಹೆಸರು ನೋಂದಾಯಿಸಿರಬೇಕು ಅಷ್ಟೆ. ನಿಮ್ಮ ನೆರೆಮನೆಯಲ್ಲಿ ಬೋಟಿಗೆ ಹೋಗುವವರಿದ್ದರೆ, ನಿಮ್ಮ ಕ್ರೂಸಿನ ವಿಮೆ ಮಾಡಿಸುವ ಮೊದಲು ಅವರ ನೋಂದಣಿ ಆಗಿದೆಯೋ ಎಂದು ಕೇಳಿ. ಕಡಲಿನ ವಿಮೆ ಅಂದರೆ ಅದು. ನಾವು ಕೊಳ್ಳುವುದು ತೇಲುವ ಲಾಡ್ಜಿನ ವಿಮೆ.

ಹಂತ 2: ಮುಹೂರ್ತ

ಟಿಕೆಟ್ಟಿಗೆ ಮೊದಲ ಕಂತು ಕಟ್ಟಿದ ದಿನವೇ ವಿಮೆ ಕೊಳ್ಳಿ. ರಾಹುಕಾಲವಾದರೂ ಅಡ್ಡಿಯಿಲ್ಲ.

ಕಾರಣ ಸರಳ. ಆಸ್ಪತ್ರೆ ಖರ್ಚಿನ ವಿಮೆ ನೀವು ಹೊರಟ ದಿನದಿಂದ ಕೆಲಸಕ್ಕೆ ಬರುತ್ತದೆ. ಪ್ರಯಾಣ ರದ್ದಾದರೆ ಹಣ ಕೊಡುವ ವಿಮೆ ಕೊಂಡ ದಿನದಿಂದಲೇ ಕೆಲಸಕ್ಕೆ ಬರುತ್ತದೆ. ಕ್ರೂಸಿನ ಹಣ ಕಟ್ಟುವುದು ನಾಲ್ಕೈದು ತಿಂಗಳು ಮೊದಲು. ಆ ನಾಲ್ಕೈದು ತಿಂಗಳಲ್ಲಿ ಯಾರ ಮನೆಯಲ್ಲಿ ಏನಾಗುತ್ತದೆ ಎಂದು ಬಲ್ಲವರು ಯಾರು? ಅಟ್ಟದ ಮೇಲಿನ ತೆಂಗಿನಕಾಯಿ ತೆಗೆಯಲು ಏಣಿ ಹತ್ತಿ, ಮೊಣಕಾಲು ಮುರಿದುಕೊಂಡ ಮೇಲೆ ವಿಮಾನ ನಿಲ್ದಾಣದಲ್ಲಿ ಕೊಂಡ ವಿಮೆ ಏನು ಮಾಡೀತು? ಕೊಳ್ಳುವ ದಿನಕ್ಕೆ ಮೊದಲೇ ಆದದ್ದಕ್ಕೆ, ಆಗುತ್ತದೆಂದು ಗೊತ್ತಾದದ್ದಕ್ಕೆ ಅವರು ಕೊಡುವುದಿಲ್ಲ. ಹೊರಡಲು ಮನಸ್ಸಿಲ್ಲದ್ದಕ್ಕೂ ಕೊಡುವುದಿಲ್ಲ. ‘ಮಗಳ ಸಂಬಂಧ ನೋಡೂಕೆ ಬತ್ರ್ ಅಂಬ್ರ್’ ಎಂಬ ಕಾರಣ ಯಾವ ಪಾಲಿಸಿಯ ಪಟ್ಟಿಯಲ್ಲೂ ಇಲ್ಲ.

ಬಿರುಗಾಳಿಗೂ ಇದೇ ನಿಯಮ. ಅದಕ್ಕೆ ಹೆಸರಿಟ್ಟು ಸುದ್ದಿಯಾದ ಮೇಲೆ ಕೊಂಡ ವಿಮೆ ಆ ಬಿರುಗಾಳಿಗೆ ಅನ್ವಯಿಸದು. ತೌಕ್ತೆ ಎಂಬ ಹೆಸರು ಕೊಟ್ಟದ್ದು ಮ್ಯಾನ್ಮಾರ್, ಅದರ ಅರ್ಥ ಗಟ್ಟಿಯಾಗಿ ಲೊಚಗುಟ್ಟುವ ಒಂದು ಜಾತಿಯ ಹಲ್ಲಿ. ಹಲ್ಲಿ ಲೊಚಗುಟ್ಟಿದ ಮೇಲೆ ಹೊರಡಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹಲ್ಲಿ ಲೊಚಗುಟ್ಟಿದ ಮೇಲೆ ವಿಮೆ ಮಾರುವುದಿಲ್ಲ ಎಂದು ಕಂಪನಿಯವರು ಹೇಳುತ್ತಾರೆ. ಶಕುನ ಒಂದೇ, ಅಜ್ಜಿಯೂ ಕಂಪನಿಯೂ ಓದುವ ಪುಟ ಬೇರೆ.

ಋತುವನ್ನೂ ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಯಾಂತ್ರಿಕ ಬೋಟುಗಳೇ ಗಂಗೊಳ್ಳಿಯಲ್ಲಿ ಕಟ್ಟಿಹಾಕಿಕೊಂಡು ಕೂತಿರುತ್ತವೆ. ಈ ಕಡಲಿನಲ್ಲಿ ವಿಹಾರಕ್ಕೆ ಕಾಲ ಮಳೆ ಪೂರ್ತಿ ಕಳೆದ ಮೇಲೆ. ಎಂದರೆ ಹೆಚ್ಚುಕಡಿಮೆ ನಮ್ಮ ಕೊಡಿ ಹಬ್ಬದ ಸುಮಾರಿಗೆ. ಆ ವರ್ಷ ಮದುವೆಯಾದ ಜೋಡಿಗಳು ಕೋಟಿಲಿಂಗೇಶ್ವರನ ತೇರಿಗೆ ಬಂದು ಕಬ್ಬಿನ ಕೊಡಿ ಕೊಂಡು ಹೋಗುವುದು ಪದ್ಧತಿ. ಈಗ ಕಬ್ಬು ಕೊಂಡ ಮರುವಾರ ಹಡಗು ಹತ್ತುವವರೂ ಇದ್ದಾರೆ. ಅವರಿಗೆ ವಿಶೇಷ ಸೂಚನೆ: ಮದುಮಗಳ ಪಾಸ್‌ಪೋರ್ಟಿನಲ್ಲಿ ಇರುವ ಹೆಸರು, ಟಿಕೆಟ್ಟಿನಲ್ಲಿ ಇರುವ ಹೆಸರು, ವಿಮೆಯಲ್ಲಿ ಇರುವ ಹೆಸರು, ಮೂರೂ ಒಂದೇ ಇರಲಿ. ಮದುವೆಯಲ್ಲಿ ಬದಲಾದದ್ದು ಕಾಗದಕ್ಕೆ ಗೊತ್ತಿರುವುದಿಲ್ಲ.

ಎಚ್ಚರಿಕೆ: 45 ಪೈಸೆಯ ವಿಮೆ

ಈ ಭಾಗವನ್ನು ಕೆಂಪು ಚೌಕದೊಳಗೆ ಓದಿಕೊಳ್ಳಿ.

ನಮ್ಮ ಮೊದಲ ಯಾನ ಮುಂಬೈಯಿಂದ ಲಕ್ಷದ್ವೀಪಕ್ಕೆ. ನಾನು, ನನ್ನ ಹೆಂಡತಿ, ಅಕ್ಕ, ಭಾವಯ್ಯ. ಯೋಚಿಸಿದರೆ ಇದರಲ್ಲೇ ಒಂದು ತಮಾಷೆ ಇದೆ. ಕೋಟೇಶ್ವರದವನು ಪಡುಗಡಲು ನೋಡಲು ಮೂಡ್ಲಕಟ್ಟೆಯ ಸ್ಟೇಷನ್ನಿನಲ್ಲಿ ರೈಲು ಹತ್ತಿ ರಾತ್ರಿಯಿಡೀ ಬಡಗಿಗೆ ಹೋಗಬೇಕು. ಅಲ್ಲಿ ಹಡಗು ಹತ್ತಿ ಅಷ್ಟೇ ದೂರ ತೆಂಕಿಗೆ ಬರಬೇಕು. ನಮ್ಮದೇ ಕೋಡಿಯ ದೀಪಸ್ತಂಭದ ನೇರಕ್ಕೆ, ಅದು ಕಾಣದಷ್ಟು ದೂರದಲ್ಲಿ, ನಿದ್ದೆಯಲ್ಲಿ ಹಾದುಹೋಗಬೇಕು. ನವಮಂಗಳೂರು ಬಂದರಿಗೂ ಪ್ರತಿವರ್ಷ ವಿಹಾರದ ಹಡಗುಗಳು ಬರುತ್ತವೆ. ಅವುಗಳಿಂದ ಇಳಿದ ಪರದೇಶದವರು ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಸಂಜೆಗೆ ಹಿಂದಿರುಗುತ್ತಾರೆ. ಅವರು ಇಳಿಯುತ್ತಾರೆ, ನಾವು ಹತ್ತಲು ಮುಂಬೈಗೇ ಹೋಗುತ್ತೇವೆ.

ರೈಲಿನ ಟಿಕೆಟ್ಟು ಮಾಡಿದ್ದು ಭಾವಯ್ಯ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಬೇಕರಿ ನಡೆಸಿ, ಮಗನಿಗೆ ವಹಿಸಿ, ಬೀಜಾಡಿಯಲ್ಲಿ ಮನೆ ಕಟ್ಟಿದವರು. ವ್ಯವಹಾರದಲ್ಲಿ ಗಟ್ಟಿ. ‘ಇನ್ಶೂರೆನ್ಸ್ ಎಂತ ಮಾಡಿದ್ರಿ?’ ಎಂದು ನಾನು ಕೇಳಿದೆ. ‘ಮಾಡ್ಸಿದ್ದೆ ಮಾರಾಯ, ಟಿಕೆಟ್ ಒಟ್ಟಿಗೇ’ ಎಂದರು. ನಾನು ನೆಮ್ಮದಿಯಾದೆ.

ರೈಲು ಬೆಳಗಾಗುವಾಗ ಮುಂಬೈ ತಲುಪಬೇಕು. ಹಡಗಿನ ಚೆಕ್‌-ಇನ್ ಮುಗಿಯುವುದು ಮಧ್ಯಾಹ್ನ ಎರಡಕ್ಕೆ. ನಡುವೆ ಎಂಟು ಗಂಟೆ ಕೈಯಲ್ಲಿದೆ, ಸಿದ್ಧಿವಿನಾಯಕನಿಗೂ ಹೋಗಿ ಬರಬಹುದು ಎಂದು ಅಕ್ಕನ ಯೋಜನೆ. ನಡುರಾತ್ರಿ ಎಲ್ಲೋ ಒಂದು ಸುರಂಗದ ಈಚೆ ರೈಲು ನಿಂತಿತು. ಮುಂದಿನ ಗೂಡ್ಸು ಗಾಡಿ ಕೆಟ್ಟಿದೆ ಎಂದರು. ಬೆಳಗಾಯಿತು, ತಿಂಡಿಯಾಯಿತು, ಮಾರಿಕೊಂಡು ಬಂದ ವಡಾಪಾವ್ ಮೂರು ಸಲ ಆಯಿತು. ಕುರ್ಲಾದಲ್ಲಿ ಇಳಿದಾಗ ಎರಡೂವರೆ. ಟ್ಯಾಕ್ಸಿಯವನು ನಮ್ಮ ಮುಖ ನೋಡಿ ಹಾರಿಸಿಕೊಂಡು ಹೋದ. ಬಲ್ಲಾರ್ಡ್ ಪಿಯರ್ ತಲುಪಿದಾಗ ಹಡಗು ಇನ್ನೂ ಅಲ್ಲೇ ಇತ್ತು, ಹನ್ನೊಂದು ಮಹಡಿ, ಬೆಳ್ಳಗೆ, ಕೈಗೆ ಸಿಗುವಷ್ಟು ಹತ್ತಿರ. ಗೇಟಿನ ಹುಡುಗ ತುಂಬ ವಿನಯದಿಂದ, ಚೆಕ್‌-ಇನ್ ಮುಚ್ಚಿದೆ ಸರ್ ಎಂದ.

‘ಎಂತ ಮಾರಾಯ್ರೆ, ಇಷ್ಟ್ ದೊಡ್ ಹಡ್ಗ್, ನಾಲ್ಕ್ ಜನಕ್ಕೆ ಒಂದ್ ಗಳಿಗೆ ನಿಲ್ಲುದಿಲ್ಯಾ?’ ಎಂದು ಭಾವಯ್ಯ ಕನ್ನಡದಲ್ಲೇ ಕೇಳಿದರು. ಅವರ ತಪ್ಪೇನೂ ಇಲ್ಲ. ಹಾಲಾಡಿ ಬಸ್ಸು ಕೈ ಬೀಸಿದರೆ ನಿಲ್ಲುತ್ತದೆ, ನಿಂತು, ‘ಚಪ್ಲಿ ಹಾಯ್ಕಂಡ್ ಬನಿ, ಅಡ್ಡಿಲ್ಲ’ ಎನ್ನುತ್ತದೆ. ಹಡಗಿಗೆ ಆ ಗುಣವಿಲ್ಲ. ನಡುವಿನ ಬಂದರುಗಳಲ್ಲಿ ಊರು ನೋಡಲು ಇಳಿದವರು ತಡಮಾಡಿದರೂ ಬಿಟ್ಟೇ ಹೋಗುತ್ತದೆ. ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಿಡಿಯಬೇಕು. ಲಕ್ಷದ್ವೀಪಕ್ಕೆ ಕೋಟೇಶ್ವರದ ಆಟೋ ಹೋಗುವುದಿಲ್ಲ.

ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ವಿಮೆಯ ಕಾಗದ ತೆಗೆಯಿರಿ ಎಂದೆ. ಭಾವಯ್ಯ ಮೊಬೈಲು ಕೊಟ್ಟರು. ಅದು ರೈಲ್ವೆ ಟಿಕೆಟ್ಟಿನ ಜೊತೆ ಬರುವ ವಿಮೆ. ತಲೆಗೆ 45 ಪೈಸೆ. ರೈಲು ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 10 ಲಕ್ಷ, ಭಾಗಶಃ ಆದರೆ ಏಳೂವರೆ, ಆಸ್ಪತ್ರೆಗೆ 2 ಲಕ್ಷ. 45 ಪೈಸೆಗೆ ಇದಕ್ಕಿಂತ ಒಳ್ಳೆಯ ಸಾಮಾನು ಈ ದೇಶದಲ್ಲಿ ಸಿಗುವುದಿಲ್ಲ, ಟಿಕೆಟ್ ಮಾಡುವಾಗ ಖಂಡಿತ ಗುರುತು ಹಾಕಿ, ನಾಮಿನಿಯ ಹೆಸರನ್ನೂ ತುಂಬಿ. ಆದರೆ ನಾವು ನಾಲ್ವರೂ ಗುಂಡುಕಲ್ಲಿನ ಹಾಗೆ ಬದುಕಿದ್ದೆವು. ಹಾಗಾಗಿ ಕ್ಲೈಮಿಗೆ ಯಾವ ಅವಕಾಶವೂ ಇರಲಿಲ್ಲ.

‘ಒಟ್ಟು ರೂಪಾಯಿ ಎಂಬತ್ತು ಪೈಸೆ’ ಎಂದಳು ನನ್ನ ಹೆಂಡತಿ. ಮುಂಬೈಯಿಂದ ಕುಂದಾಪುರದ ತನಕ ಅವಳು ಆಡಿದ ಮಾತು ಅಷ್ಟೇ.

ಈ ಪ್ರಸಂಗದಿಂದ ಸಿಕ್ಕಿದ ತಾಂತ್ರಿಕ ಮಾಹಿತಿ: ಹಡಗು ತಪ್ಪಿದ್ದಕ್ಕೆ ಹಣ ಕೊಡುವ ವಿಮೆ ಬೇರೆಯೇ ಇದೆ. ಅದರಲ್ಲೂ ಕೆಲವು ಪಾಲಿಸಿಗಳಿಗೆ ವಿಮಾನ ತಡವಾದರೆ ಮಾತ್ರ ಲೆಕ್ಕ, ರೈಲು ಬಸ್ಸು ಲೆಕ್ಕಕ್ಕಿಲ್ಲ. ಎಷ್ಟು ಗಂಟೆ ತಡವಾಗಿರಬೇಕು ಎಂಬ ಷರತ್ತಿರುತ್ತದೆ. ಅಷ್ಟು ತಡವಾಯಿತು ಎಂದು ಆ ಸಾರಿಗೆಯವರೇ ಬರೆದುಕೊಟ್ಟ ಕಾಗದ ಬೇಕು. ಇಷ್ಟೆಲ್ಲದಕ್ಕಿಂತ ಅಗ್ಗದ ವಿಮೆ ಒಂದಿದೆ, ಹಿಂದಿನ ದಿನವೇ ಹೋಗಿ ಮುಂಬೈಯಲ್ಲಿ ಉಳಿಯುವುದು. ಮಾಟುಂಗಾದಲ್ಲೋ ಚೆಂಬೂರಿನಲ್ಲೋ ನಮ್ಮ ಕಡೆಯ ಹೋಟೆಲಿನ ನೆಂಟರು ಒಬ್ಬರಾದರೂ ಸಿಗದ ಕುಂದಾಪುರದವನನ್ನು ನಾನು ಕಂಡಿಲ್ಲ.

ಹಂತ 3: ಯಾರಿಂದ ಕೊಳ್ಳುವುದು

ಬೇಗ ಮುಗಿಸುತ್ತೇನೆ. ಹಡಗಿನವರೇ ಮಾರುವ ವಿಮೆ ಕೊಳ್ಳುವಾಗ ರದ್ದಾದರೆ ಹಣವನ್ನೇ ಕೊಡುತ್ತಾರೋ ಮುಂದಿನ ಯಾನದ ಕೂಪನ್ ಕೊಡುತ್ತಾರೋ ನೋಡಿ. ಕ್ರೆಡಿಟ್ ಕಾರ್ಡಿನ ಜೊತೆ ಬರುವ ಬಿಟ್ಟಿ ವಿಮೆಗೆ ಸಾಮಾನ್ಯವಾಗಿ ಟಿಕೆಟ್ಟನ್ನು ಅದೇ ಕಾರ್ಡಿನಲ್ಲಿ ಕೊಂಡಿರಬೇಕು. ಮನೆಯಲ್ಲಿರುವ ಮೆಡಿಕ್ಲೈಮ್ ಹೆಚ್ಚಾಗಿ ಭಾರತದ ಗಡಿ ದಾಟುವುದಿಲ್ಲ, ಹಡಗಿನ ದವಾಖಾನೆ ಅದರ ಕ್ಯಾಷ್‌ಲೆಸ್ ಪಟ್ಟಿಯಲ್ಲೂ ಇರುವುದಿಲ್ಲ. ಯುರೋಪಿನ ಕಡಲಿಗೆ ಹೋಗುವವರಾದರೆ ಷೆಂಗೆನ್ ವೀಸಾಕ್ಕೇ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಅದು ಕನಿಷ್ಠ, ಸಾಕಾಗುವಷ್ಟು ಅಲ್ಲ. ಊರಿನ ಏಜೆಂಟು ನೆಂಟರೇ ಆಗಿದ್ದರೆ ಅವರಿಂದ ಕೊಳ್ಳಿ, ತೊಂದರೆಯಿಲ್ಲ. ಆದರೆ ಪಾಲಿಸಿಯ ಪೂರ್ತಿ ಪ್ರತಿ ಕೇಳಿ ತೆಗೆದುಕೊಳ್ಳಿ. ‘ನಾನಿದ್ದೆ ಅಲ್ದಾ’ ಎನ್ನುತ್ತಾರೆ. ಅವರು ಕೋಟೇಶ್ವರದಲ್ಲಿ ಇರುತ್ತಾರೆ, ನೀವು ಪೆನಾಂಗಿನಲ್ಲಿ ಇರುತ್ತೀರಿ.

ದೇಶ ಬಿಟ್ಟ ಮೇಲೆ ಕೊಳ್ಳೋಣ ಎಂದರೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಕೊಡುವುದೇ ಇಲ್ಲ.

ಹಂತ 4: ಫಾರ್ಮು ತುಂಬುವುದು (ಇಬ್ಬರು ಬೇಕು, ಒಬ್ಬರು ಬರೆಯಲು, ಒಬ್ಬರು ನಿಜ ಹೇಳಲು)

ಎರಡನೇ ಯಾನ ಸಿಂಗಾಪುರದಿಂದ. ಈ ಸಲ ವಿಮೆಯನ್ನು ನಾನೇ, ಮೊದಲ ಕಂತಿನ ದಿನವೇ ಮಾಡಿಸಿದೆ. ಭಾವಯ್ಯನ ಫಾರ್ಮು ತುಂಬಲು ಅವರ ಚಾವಡಿಯಲ್ಲಿ ಕೂತೆ.

‘ಸಕ್ಕರೆ ಕಾಯಿಲೆ ಇತ್ತಾ?’

‘ಇಲ್ಲ.’

ಒಳಗಿನಿಂದ ಅಕ್ಕನ ಕೆಮ್ಮು ಕೇಳಿತು.

‘ಇಲ್ಲ ಅಂದ್ರೆ, ಬಾರ್ಡರ್ ಅಷ್ಟೇ.’

ಈ ಬಾರ್ಡರು ಎಲ್ಲಿದೆ ಎಂದು ನಾನು ಇಂದಿಗೂ ಹುಡುಕುತ್ತಿದ್ದೇನೆ. ನಮ್ಮ ಊರಿನಲ್ಲಿ ಐವತ್ತು ದಾಟಿದ ಅರ್ಧ ಗಂಡಸರು ಅದರ ಮೇಲೆಯೇ ನಿಂತಿದ್ದಾರೆ. ದಿನಕ್ಕೆರಡು ಮಾತ್ರೆ ನುಂಗುತ್ತಾ ಹತ್ತು ವರ್ಷದಿಂದ ಗಡಿ ಕಾಯುತ್ತಿರುವ ಸೈನಿಕರು. ಫಾರ್ಮಿನಲ್ಲಿ ‘ಬಾರ್ಡರ್’ ಎಂಬ ಚೌಕವಿಲ್ಲ, ಹೌದು ಮತ್ತು ಇಲ್ಲ ಎರಡೇ. ಭಾವಯ್ಯ ಇಲ್ಲ ಹಾಕಿಸಿದರು. ಬರೆಸಿದರೆ ಪ್ರೀಮಿಯಂ ಏರುತ್ತದೆ ಎಂಬುದು ಅವರ ವ್ಯಾಪಾರಿ ಬುದ್ಧಿ. ನಾನು ಸುಮ್ಮನಾದೆ, ಅದು ನನ್ನ ಭಾವಮೈದನ ಬುದ್ಧಿ.

ಹಡಗಿನಲ್ಲಿ ಇಪ್ಪತ್ತನಾಲ್ಕು ಗಂಟೆ ಊಟ. ಬೇಕರಿ ನಡೆಸಿದ ಮನುಷ್ಯ ಬೇರೆಯವರ ಕೇಕು ಕಂಡರೆ ಸುಮ್ಮನೆ ಹೋಗುವುದುಂಟೇ? ಒಂದೊಂದು ಪೇಸ್ಟ್ರಿಯನ್ನೂ ತಿಂದು, ಇದರಲ್ಲಿ ಬೆಣ್ಣೆ ಕಡಿಮೆ, ಇದರಲ್ಲಿ ಸೋಡಾ ಜಾಸ್ತಿ ಎಂದು ಮೂರು ದಿನ ತಪಾಸಣೆ ಮಾಡಿದರು. ಮೂರನೇ ರಾತ್ರಿ ನಾಲಗೆ ಒಣಗಿ, ಕಣ್ಣು ಮಂಜಾಗಿ, ಮಾತು ತೊದಲಿ ಮಲಗಿದರು. ಹಡಗಿನ ಡಾಕ್ಟರು ಒಳ್ಳೆಯವರು. ಬೆರಳು ಚುಚ್ಚಿ ನೋಡಿದ ಯಂತ್ರ ತೋರಿಸಿದ ಅಂಕಿಯಲ್ಲಿ ಬಾರ್ಡರಿನ ಸುಳಿವೂ ಇರಲಿಲ್ಲ. ಇಂಜೆಕ್ಷನ್, ಸಲೈನ್, ಒಂದು ರಾತ್ರಿಯ ಹಾಸಿಗೆ. ಬೆಳಿಗ್ಗೆ ಭಾವಯ್ಯ ಎದ್ದು ಇಡ್ಲಿ ಉಂಟಾ ಎಂದು ಕೇಳಿದರು. ಅಕ್ಕ ಅತ್ತಳು. ಬಿಲ್ಲು ಕ್ಯಾಬಿನಿನ ಖಾತೆಗೆ ಬಿತ್ತು, ಇಳಿಯುವ ಮೊದಲು ಕಟ್ಟಬೇಕು. ಆ ದುಡ್ಡಿನಲ್ಲಿ ನಮ್ಮಲ್ಲಿ ಎರಡು ಹೆರಿಗೆ ಮತ್ತು ತೊಟ್ಟಿಲು ಶಾಸ್ತ್ರ ಮಾಡಿಸಬಹುದಿತ್ತು.

ಊರಿಗೆ ಬಂದು ಕ್ಲೈಮ್ ಹಾಕಿದೆವು. ಕಂಪನಿ ಹಳೆಯ ಚೀಟಿಗಳನ್ನು ಕೇಳಿತು. ಚೀಟಿಯಲ್ಲಿ ಎಂಟು ವರ್ಷದ ಮಾತ್ರೆಗಳಿದ್ದವು. ಮುಚ್ಚಿಟ್ಟ ಕಾಯಿಲೆ, ಆದ್ದರಿಂದ ತಿರಸ್ಕೃತ ಎಂದು ಎರಡು ಸಾಲಿನ ಪತ್ರ ಬಂತು. ಕಂಪನಿಗೆ ಬೈಯಲು ನಾನು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಅವರು ಕೇಳಿದ್ದರು, ನಾವು ಸುಳ್ಳು ಹೇಳಿದ್ದೆವು, ಬರೆದ ಕೈ ನನ್ನದೇ.

ಆದ್ದರಿಂದ: ಇರುವುದನ್ನೆಲ್ಲ ಬರೆಸಿ. ಬಿಪಿ, ಸಕ್ಕರೆ, ಥೈರಾಯ್ಡು, ಮೂರು ವರ್ಷದ ಹಿಂದೆ ಮಣಿಪಾಲದಲ್ಲಿ ಹಾಕಿಸಿದ ಸ್ಟೆಂಟು. ಬರೆಸಿದರೂ ಹಳೆಯ ಕಾಯಿಲೆಗೆ ಹಲವು ಪಾಲಿಸಿಗಳು ಜೀವಕ್ಕೆ ಅಪಾಯವಾದಾಗ ಮಾತ್ರ ಕೊಡುತ್ತವೆ, ಪೂರ್ತಿ ಬೇಕಾದರೆ ಬೇರೆ ಹಣ ಕಟ್ಟಬೇಕು. ಅರವತ್ತು ದಾಟಿದವರಿಗೆ ಹೊರಗೆ ದೊಡ್ಡ ಮೊತ್ತ ಬರೆದು, ಒಳಗೆ ಕೋಣೆಗೆ ಇಷ್ಟು, ಡಾಕ್ಟರಿಗೆ ಇಷ್ಟು ಎಂದು ಮಿತಿ ಹಾಕುವುದೂ ಉಂಟು. ‘ಡಿಡಕ್ಟಿಬಲ್’ ಎಂಬ ಪದ ಕಂಡರೆ ನಿಲ್ಲಿ. ಬಿಲ್ಲಿನ ಮೊದಲ ಇಂತಿಷ್ಟು ಡಾಲರು ನಿಮ್ಮದೇ, ನಂತರದ್ದು ಅವರದು ಎಂದು ಅದರ ಅರ್ಥ. ಸಣ್ಣ ಕಾಯಿಲೆಗಳು ಆ ಇಂತಿಷ್ಟರೊಳಗೇ ವಾಸಿಯಾಗುತ್ತವೆ.

ಹಂತ 5: ಹೊರತುಪಡಿಸಿದ್ದು

ಸಣ್ಣ ಅಕ್ಷರದಲ್ಲಿರುತ್ತದೆ, ಕನ್ನಡಕ ಹಾಕಿ. ಕುಡಿದು ಬಿದ್ದರೆ ಇಲ್ಲ. ಹಡಗಿನಲ್ಲಿ ಬಾರು ಎಷ್ಟು ಮಹಡಿಗಳಲ್ಲಿದೆ ಎಂದು ನೋಡಿದರೆ ಇದು ಎಷ್ಟು ದೊಡ್ಡ ಹೊರತು ಎಂದು ತಿಳಿಯುತ್ತದೆ. ಸ್ಕೂಬಾ ಮುಳುಗು ಹಲವು ಪಾಲಿಸಿಗಳಲ್ಲಿ ಇಲ್ಲ. ನೇತ್ರಾಣಿಯಲ್ಲಿ ಒಮ್ಮೆ ಇಳಿದು ಧೈರ್ಯ ಬಂದವರು ಲಕ್ಷದ್ವೀಪದಲ್ಲಿ ಇಳಿಯುವ ಮುನ್ನ ಕೇಳಿಕೊಳ್ಳಿ. ಕಡಲ ಓಕರಿಕೆಗೆ ಇಲ್ಲ. ಬಾಳೆಬರೆ ಘಾಟಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೇಳುವವರು ಒಂದು ನಿಂಬೆಹಣ್ಣು, ಶುಂಠಿ, ಡಾಕ್ಟರು ಬರೆದುಕೊಟ್ಟ ಮಾತ್ರೆ ಇಟ್ಟುಕೊಳ್ಳಿ.

ಯುದ್ಧ, ದಾಳಿ, ದಂಗೆ ಸಾಮಾನ್ಯವಾಗಿ ಹೊರತು. 1665ರ ಫೆಬ್ರವರಿಯಲ್ಲಿ ಶಿವಾಜಿ ಕಡಲ ದಾರಿಯಲ್ಲೇ ಬಂದು ನಮ್ಮ ಬಸ್ರೂರಿನ ಪೇಟೆಯನ್ನು ಲೂಟಿ ಮಾಡಿ, ಗೋಕರ್ಣಕ್ಕೆ ಹೋಗಿ ತೀರ್ಥಸ್ನಾನ ಮಾಡಿದ. ಬಸ್ರೂರಿನ ಸೆಟ್ಟಿಗಳ ಕೈಯಲ್ಲಿ ಇಂದಿನ ಅತ್ಯುತ್ತಮ ಪಾಲಿಸಿ ಇದ್ದಿದ್ದರೂ ಒಂದು ಕಾಸು ಸಿಗುತ್ತಿರಲಿಲ್ಲ.

ದೋಷ ಕಂಡುಬಂದಲ್ಲಿ

ವಿಮೆಯ ಸಹಾಯವಾಣಿಯ ನಂಬರನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನೊಳಗೆ ಇಡಿ. ಹಡಗಿನಲ್ಲಿ ಇಂಟರ್‌ನೆಟ್ಟಿಗೆ ಬೇರೆ ದುಡ್ಡು, ಮೊಬೈಲು ಅಲ್ಲಿ ಆಟಿಕೆ. ಆಸ್ಪತ್ರೆ ಸೇರಿದರೆ ಆದಷ್ಟು ಬೇಗ ಆ ನಂಬರಿಗೆ ತಿಳಿಸಿ, ಮನೆಗೆ ಬಂದ ಮೇಲೆ ಹೇಳೋಣ ಎಂದುಕೊಳ್ಳಬೇಡಿ. ಪ್ರತಿ ಬಿಲ್ಲಿನ ಅಸಲು, ಡಾಕ್ಟರ ಸಹಿಯ ವರದಿ, ಪಾಸ್‌ಪೋರ್ಟು ಕಳೆದರೆ ಪೊಲೀಸರ ಕಾಗದ, ವಿಮಾನದಲ್ಲಿ ಸೂಟ್‌ಕೇಸು ಕಳೆದರೆ ನಿಲ್ದಾಣ ಬಿಡುವ ಮುನ್ನವೇ ವಿಮಾನದವರಿಂದ ಕಾಗದ. ನಮ್ಮವರಿಗೆ ಕಾಗದ ಇಟ್ಟುಕೊಳ್ಳುವುದು ಬರುತ್ತದೆ. ಭೂಸುಧಾರಣೆಯ ಕಾಲದ ಗೇಣಿ ಚೀಟಿ ಇನ್ನೂ ಇಟ್ಟುಕೊಂಡ ಮನೆಗಳಿವೆ. ಅದೇ ಗುಣವನ್ನು ಸಮುದ್ರಕ್ಕೂ ಒಯ್ಯಿರಿ.

ಕಂಪನಿ ನ್ಯಾಯವಲ್ಲದ ರೀತಿಯಲ್ಲಿ ನಿರಾಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. 50 ಲಕ್ಷದ ತನಕದ ತಗಾದೆ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರನ್ನು ಇಡುವ ಹಾಗಿಲ್ಲ. ಕುಂದಾಪುರ ಕೋರ್ಟಿನ ಎದುರು ಚಹಾ ಕುಡಿದು ಬೆಳೆದ ನಮ್ಮಂಥವರಿಗೆ ವಕೀಲರಿಲ್ಲದ ವ್ಯಾಜ್ಯ ರುಚಿಸುವುದಿಲ್ಲ, ಆದರೆ ಕೆಲಸವಾಗುತ್ತದೆ. ಭಾವಯ್ಯನೂ ಹೋಗುತ್ತೇನೆ ಎಂದರು. ಅಕ್ಕ ಆ ಎಂಟು ವರ್ಷದ ಚೀಟಿಯ ಕಟ್ಟನ್ನು ತಂದು ಅವರ ಎದುರು ಇಟ್ಟಳು. ಹೋಗಲಿಲ್ಲ.

ಬರುವ ಡಿಸೆಂಬರಿಗೆ ಮತ್ತೆ ನಾಲ್ವರೂ ಹೊರಟಿದ್ದೇವೆ, ಅದೇ ಬಿಟ್ಟುಹೋದ ಲಕ್ಷದ್ವೀಪಕ್ಕೆ. ವಿಮೆ ಮೊದಲ ಕಂತಿನ ದಿನವೇ ಆಗಿದೆ. ರೈಲು ಎರಡು ದಿನ ಮುಂಚಿನದು, 45 ಪೈಸೆಯದಕ್ಕೂ ಗುರುತು ಹಾಕಿದೆ. ಭಾವಯ್ಯ ಈ ಸಲ ಸಕ್ಕರೆಗೆ ‘ಹೌದು’ ಹಾಕಿಸಿದ್ದಾರೆ. ಬಿಪಿ ಮಾತ್ರ ಇನ್ನೂ ಬಾರ್ಡರಿನಲ್ಲೇ ಇದೆಯಂತೆ.